ಕಡ್ಡಿ ಕೊಡ್ರಿ, ಆದ್ರ ತಾಯಿಗಿಡ ತೋರ್ಸಿ ಕೊಡ್ರಿ

ನಮ್ಮ ಕೊಪ್ಪಳದ ಕಡೆ ಗಿಡದ ಕಡ್ಡಿ ಕೇಳಿದರೆ "ಇಲ್ಲ" ಅನ್ನುವವರು ತೀರಾ ಕಡಿಮೆ. ದಾಸವಾಳ, ಕಣಗಿಲೆ, ಮಲ್ಲಿಗೆ, ಕಾಗದದ ಹೂವು... ಯಾರ ಅಂಗಳದಾಗಿದ್ದರೂ ಸರಿ, "ಅಕ್ಕಾರ, ಒಂದು ಟೊಂಗಿ ಕೊಡ್ರಿ" ಅಂದರೆ ಸಾಕು, ಒಂದು ಕೇಳಿದವರಿಗೆ ಎರಡು ಮುರಿದು ಕೈಗಿಡುತ್ತಾರೆ. ದುಡ್ಡಿನ ಮಾತೇ ಇಲ್ಲ. ಈ ರೂಢಿ ನನಗೆ ಬಹಳ ಇಷ್ಟ. ಆದರೂ ಇವತ್ತು ಅದರ ಮೇಲೇ ಒಂದು ತಕರಾರು ಬರೆಯುತ್ತಿದ್ದೇನೆ :-)

ತಕರಾರು ಇಷ್ಟೇ. ಕೊಡುವವರು ತಾಯಿಗಿಡ ನೋಡಿ ಕೊಡುವುದಿಲ್ಲ, ಇಸಗೊಳ್ಳುವವರು ತಾಯಿಗಿಡ ಯಾವುದು ಅಂತ ಕೇಳುವುದಿಲ್ಲ. ಮನೆಯ ಹೂವಿನ ಕುಂಡದಲ್ಲಿ ಇದರಿಂದ ಆಗುವ ನಷ್ಟ ಸಣ್ಣದು. ಅದೇ ಚಟ ಹೊಲಕ್ಕೆ ಹೋದರೆ ಏನಾಗುತ್ತದೆ ಅನ್ನುವುದನ್ನು ಕುಷ್ಟಗಿ, ಯಲಬುರ್ಗಾ ಕಡೆಯ ದಾಳಿಂಬೆ ಬೆಳೆಗಾರರನ್ನು ಕೇಳಬೇಕು.

ಮೊದಲು ಕುಂಡದ ಕಥೆ. ನಮ್ಮ ಮಾಳಿಗೆ ಮೇಲೆ ನಾಲ್ಕು ಕುಂಡ ಜಿರೇನಿಯಂ ಇವೆ. "ಈ ಉರಿಬಿಸಿಲಿನಾಗ ಜಿರೇನಿಯಂ ಬರ್ತಾವೇನ್ರೀ?" ಅಂತ ಎಲ್ಲರೂ ಕೇಳುತ್ತಾರೆ. ಬರುತ್ತವೆ. ಇದರ ಮೂಲ ದಕ್ಷಿಣ ಆಫ್ರಿಕಾ. ಸಸ್ಯಶಾಸ್ತ್ರದವರು ಇದನ್ನು ಪೆಲಾರ್ಗೋನಿಯಂ ಅನ್ನುತ್ತಾರೆ. 1753ರಲ್ಲಿ ಲಿನೇಯಸ್ ಇದನ್ನು ಜಿರೇನಿಯಂ ಗುಂಪಿಗೇ ಸೇರಿಸಿದ್ದ, 1789ರಲ್ಲಿ ಲೆರಿಟಿಯೆ ಎಂಬ ಫ್ರೆಂಚ್ ಪಂಡಿತ ಬೇರೆ ಮಾಡಿದ. ಜನ ಮಾತ್ರ ಹಳೇ ಹೆಸರು ಬಿಡಲಿಲ್ಲ. ನೀರಡಿಕೆ ತಾಳುವ ಗಿಡ ಇದು, ಬೇರು ಸದಾ ತೋಯ್ದು ಕೂತರೆ ಮಾತ್ರ ತಾಳುವುದಿಲ್ಲ. ಏಪ್ರಿಲ್-ಮೇ ತಿಂಗಳ ನಲವತ್ತು ಡಿಗ್ರಿ ಬಿಸಿಲಲ್ಲಿ ಹೂ ಬಿಡುವುದು ನಿಲ್ಲಿಸುತ್ತದೆ. ಆಗ ನೆರಳಿಗೆ ಸರಿಸಿ ಜೀವ ಹಿಡಿಸಿದರೆ ಸಾಕು.

ಕಡ್ಡಿ ಮಾಡಲು ನಮ್ಮಲ್ಲಿ ಒಳ್ಳೇ ಹೊತ್ತು ಅಂದರೆ ದೀಪಾವಳಿ ಮುಂದೆ ಹಿಂದೆ. ಮಳೆ ಮುಗಿದಿರುತ್ತದೆ, ಚಳಿ ಶುರುವಾಗಿರುತ್ತದೆ. ನಾಲ್ಕು ಇಂಚು ಉದ್ದದ ತುದಿ ಕಡ್ಡಿ, ಗೆಣ್ಣಿನ ಕೆಳಗೆ ಕತ್ತರಿಸಬೇಕು. ಕೆಳಗಿನ ಎಲೆ, ಮೊಗ್ಗು ತೆಗೆಯಬೇಕು. ಕತ್ತರಿಸಿದ ಜಾಗ ಒಂದೆರಡು ತಾಸು ನೆರಳಲ್ಲಿ ಒಣಗಲಿ. ಆಮೇಲೆ ತೊಳೆದ ಉಸುಕು ಮತ್ತು ತೆಂಗಿನ ನಾರಿನ ಪುಡಿ ಕೂಡಿಸಿದ ಕುಂಡದಲ್ಲಿ ಊರಿ, ಮೇಲೆ ಪ್ಲಾಸ್ಟಿಕ್ ಮುಚ್ಚದೆ, ಕಂಡೂ ಕಾಣದಂತೆ ನೀರು ಹಾಕಬೇಕು. ಎರಡರಿಂದ ನಾಲ್ಕು ವಾರದಲ್ಲಿ ಬೇರು. ಕಾಂಡದ ಬುಡ ಕಪ್ಪಾಗಿ ಮೆತ್ತಗಾಯಿತೋ, ನೀರು ಹೆಚ್ಚಾಗಿದೆ ಅಂತ ತಿಳಿಯಿರಿ.

ಬೀಜದಿಂದಲೂ ಬೆಳೆಯಬಹುದು. ಇಪ್ಪತ್ತೊಂದರಿಂದ ಇಪ್ಪತ್ನಾಲ್ಕು ಡಿಗ್ರಿ ಉಷ್ಣತೆ ಇದ್ದರೆ ಒಂದೆರಡು ವಾರಕ್ಕೆ ಮೊಳಕೆ, ಮೂರು-ನಾಲ್ಕು ತಿಂಗಳಿಗೆ ಹೂವು. ಆದರೆ ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ಹೈಬ್ರಿಡ್ ಬೀಜ. ಅದರ ಹೂವಿನಿಂದ ನೀವು ಬೀಜ ಎತ್ತಿಟ್ಟರೆ ಮುಂದಿನ ವರ್ಷ ಅದೇ ಬಣ್ಣ ಬರುತ್ತದೆ ಅಂತ ಭರವಸೆ ಇಲ್ಲ. ಬೀಜ ಅಂದರೆ ಮಗು. ಅಪ್ಪನ ಮೂಗು ಬರಬಹುದು, ಅವ್ವನ ಕಣ್ಣು ಬರಬಹುದು, ಯಾವುದೋ ಅಜ್ಜನ ಸಿಟ್ಟೂ ಬರಬಹುದು. ಕಡ್ಡಿ ಹಾಗಲ್ಲ. ಅದು ಅದೇ ಗಿಡ, ಬೇರೆ ಕುಂಡದಲ್ಲಿ. ತಾಯಿಗಿಡದ ಬಣ್ಣವೂ ಬರುತ್ತದೆ, ತಾಯಿಗಿಡದ ರೋಗವೂ ಬರುತ್ತದೆ.

ನನ್ನ ವಾದದ ತಿರುಳು ಇಲ್ಲೇ ಇದೆ. ಜಿರೇನಿಯಂಗೆ ಬರುವ ದೊಡ್ಡ ರೋಗ ಒಂದು ದುಂಡಾಣು ಅಂಗಮಾರಿ. ಅದರ ಕಾರಣ ಝ್ಯಾಂತೋಮೋನಾಸ್ ಎಂಬ ಬ್ಯಾಕ್ಟೀರಿಯಾ. ಗಿಡದೊಳಗೆ ಸೇರಿಕೊಂಡು ತಂಪು ಹೊತ್ತಿನಲ್ಲಿ ಸುಮ್ಮನೆ ಕೂತಿರುತ್ತದೆ, ಸೆಕೆ ಏರಿದಾಗ ತಲೆ ಎತ್ತುತ್ತದೆ. ನೋಡಲು ಚೆಂದ ಇರುವ ಗಿಡದಿಂದ ಹತ್ತು ಕಡ್ಡಿ ಮಾಡಿದರೆ ಹತ್ತಕ್ಕೂ ಹಂಚಿಕೆಯಾಗಿರುತ್ತದೆ. ಅಮೆರಿಕದಲ್ಲಿ 1960ರ ದಶಕದಿಂದ ಬೀಜದ ಜಿರೇನಿಯಂ ಜನಪ್ರಿಯವಾಗಲು ಇದೂ ಒಂದು ಕಾರಣ, ಬೀಜದಿಂದ ಈ ರೋಗ ದಾಟುವುದಿಲ್ಲ. ಕಡ್ಡಿ ವ್ಯಾಪಾರ ಮಾಡುವವರು ತಾಯಿಗಿಡಗಳನ್ನು ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿಯೇ ಕಡ್ಡಿ ತೆಗೆಯುವ ಪದ್ಧತಿ ಮಾಡಿಕೊಂಡರು. ಅಷ್ಟು ಮಾಡಿಯೂ 2003ರಲ್ಲಿ ಕೀನ್ಯಾದಿಂದ ಅಮೆರಿಕಕ್ಕೆ ಹೋದ ಜಿರೇನಿಯಂ ಕಡ್ಡಿಗಳ ಜೊತೆ ರಾಲ್‌ಸ್ಟೋನಿಯಾ ಎಂಬ ಇನ್ನೊಂದು ಸೊರಗು ರೋಗದ ಬ್ಯಾಕ್ಟೀರಿಯಾ ಹೋಯಿತು. ಆಲೂಗಡ್ಡೆ ಬೆಳೆಗೆ ಬಂದೀತು ಅಂತ ಹೆದರಿ ಅಲ್ಲಿಯ ಸರ್ಕಾರ ಲಕ್ಷಗಟ್ಟಲೆ ಗಿಡ ನಾಶ ಮಾಡಿಸಿತು. ಬರೀ ಕುಂಡದ ಹೂವಿಗೆ ಇಷ್ಟು ಕಾಳಜಿ!

ಈಗ ನಮ್ಮ ಹೊಲಕ್ಕೆ ಬರೋಣ. ದಾಳಿಂಬೆಯ ದುಂಡಾಣು ಅಂಗಮಾರಿಗೆ ಕಾರಣವೂ ಇದೇ ಝ್ಯಾಂತೋಮೋನಾಸ್ ಕುಲ. ತಳಿ ಬೇರೆ, ಬುದ್ಧಿ ಒಂದೇ. ಮಹಾರಾಷ್ಟ್ರದವರು ಈ ರೋಗಕ್ಕೆ ತೇಲ್ಯಾ ಅನ್ನುತ್ತಾರೆ, ಎಲೆ ಮೇಲಿನ ಚುಕ್ಕೆ ಎಣ್ಣೆ ಹತ್ತಿದಂತೆ ಕಾಣುವುದರಿಂದ. ಆಮೇಲೆ ಚುಕ್ಕೆ ಕಪ್ಪಾಗುತ್ತದೆ, ಗೆಣ್ಣಿನ ಹತ್ತಿರ ಟೊಂಗಿ ಮುರಿಯುತ್ತದೆ, ಹಣ್ಣು ಬಿರಿಯುತ್ತದೆ. ಕಾಳು ಎಷ್ಟೇ ಕೆಂಪಿದ್ದರೂ ಸಿಪ್ಪೆ ಬಿರಿದ ಹಣ್ಣು ಮಾರುಕಟ್ಟೆಯಲ್ಲಿ ಯಾರಿಗೂ ಬೇಡ. ಭಾರತದಲ್ಲಿ ಈ ರೋಗವನ್ನು ಗುರುತಿಸಿದ್ದು 1952ರಲ್ಲಿ, ದೆಹಲಿಯಲ್ಲಿ. ಎಷ್ಟೋ ವರ್ಷ ಅದು ಲೆಕ್ಕಕ್ಕೇ ಇರಲಿಲ್ಲ. 2000ದ ನಂತರದ ವರ್ಷಗಳಲ್ಲಿ ಮಹಾರಾಷ್ಟ್ರ ಮತ್ತು ನಮ್ಮ ಉತ್ತರ ಕರ್ನಾಟಕದ ತೋಟಗಳಿಗೆ ಬಡಿಯಿತು ನೋಡಿ, ಸಾಲ ಮಾಡಿ ಹನಿ ನೀರಾವರಿ ಹಾಕಿಸಿದವರು ಗಿಡ ಕಿತ್ತು ಒಟ್ಟಿ ಬೆಂಕಿ ಇಟ್ಟರು.

ಮಳೆ ಹನಿ ಸಿಡಿದು ರೋಗ ಗಿಡದಿಂದ ಗಿಡಕ್ಕೆ ಹೋಗುತ್ತದೆ, ಕತ್ತರಿಯಿಂದ ಹೋಗುತ್ತದೆ. ಆದರೆ ಮಳೆ ಹನಿ ಒಂದು ಜಿಲ್ಲೆಯಿಂದ ಇನ್ನೊಂದು ಜಿಲ್ಲೆಗೆ ಸಿಡಿಯುವುದಿಲ್ಲವಲ್ಲ! ದೂರದ ಊರಿಗೆ ಅದನ್ನು ಹೊತ್ತು ತಂದದ್ದು ಬಹುಮಟ್ಟಿಗೆ ಸಸಿಯೇ. ದಾಳಿಂಬೆಯನ್ನು ಬೀಜದಿಂದ ಮಾಡಿದರೆ ತಾಯಿಯಂತೆ ಹಣ್ಣು ಬರುವುದಿಲ್ಲ. ಅದಕ್ಕೇ ಗಣೇಶ್ ಇರಲಿ, ಮೃದುಲಾ ಇರಲಿ, ಭಗವಾ ಇರಲಿ, ಕಡ್ಡಿಯಿಂದಲೋ ಗೂಟಿ ಕಟ್ಟಿಯೋ ಸಸಿ ಮಾಡಬೇಕು. ಗೂಟಿ ಅಂದರೆ ಗೊತ್ತಲ್ಲ? ಪೆನ್ಸಿಲ್ ದಪ್ಪದ ಟೊಂಗಿಯ ಸಿಪ್ಪೆಯನ್ನು ಒಂದಿಂಚಿನಷ್ಟು ಉಂಗುರದಂತೆ ಬಿಡಿಸಿ, ಬೇರು ಬರಿಸುವ ಹಾರ್ಮೋನು ಹಚ್ಚಿ, ತೇವದ ಪಾಚಿ ಸುತ್ತಿ ಪ್ಲಾಸ್ಟಿಕ್ ಕಟ್ಟುವುದು. ತಿಂಗಳು, ತಿಂಗಳೂವರೆಯಲ್ಲಿ ಬೇರು ಕಾಣುತ್ತದೆ. ಮಳೆಗಾಲದಲ್ಲಿ ಚೆನ್ನಾಗಿ ಆಗುವ ಕೆಲಸ. ರೋಗ ಹೆಚ್ಚಾಗುವುದೂ ಮಳೆಗಾಲದಲ್ಲೇ. ಒಳ್ಳೇ ದರ ಇದ್ದ ವರ್ಷ ಸಸಿಗೆ ಬೇಡಿಕೆ ಏರುತ್ತದೆ. ಆಗ ಯಾರ ತೋಟದಲ್ಲಾದರೂ ಸರಿ, ಗೂಟಿ ಕಟ್ಟಿದ್ದೇ ಕಟ್ಟಿದ್ದು. ರೈತರು ಕೇಳುವುದು ಎರಡೇ ಪ್ರಶ್ನೆ. "ಭಗವಾ ಹೌದಲ್ರೀ? ಒಂದಕ್ಕ ಎಷ್ಟು?"

ಒಬ್ಬ ಸಸಿ ಮಾರುವವರ ಹತ್ತಿರ ನಾನೂ ಒಮ್ಮೆ ನಿಂತು ಮೂರನೇ ಪ್ರಶ್ನೆ ಕೇಳಿದೆ. "ತಾಯಿಗಿಡ ಎಲ್ಲಿದಾವ್ರಿ, ನೋಡಬಹುದಾ?" ಅವರು ನನ್ನನ್ನು ತೆರಿಗೆ ಇಲಾಖೆಯವನೇನೋ ಅನ್ನುವ ಹಾಗೆ ನೋಡಿದರು! ಅವರದ್ದು ಅಂತ ತಪ್ಪಿಲ್ಲ, ಅವರನ್ನು ಅದುವರೆಗೆ ಯಾರೂ ಕೇಳೇ ಇರಲಿಲ್ಲ.

"ಸಸಿ ಹಸಿರಾಗಿದೆ, ಚುಕ್ಕೆ ಇಲ್ಲ, ಸಾಕಲ್ಲ?" ಅನ್ನಬಹುದು. ಸಾಲದು. ಸಸಿ ಚೆಂದ ಕಾಣುವಾಗಲೂ ರೋಗಾಣು ಒಳಗಿರಬಹುದು. ಅದಕ್ಕೇ ನೋಡಬೇಕಾದ್ದು ತಾಯಿಗಿಡವನ್ನು, ಅದೂ ಮಳೆಗಾಲದಲ್ಲಿ, ರೋಗ ಬಯಲಿಗೆ ಬರುವ ಕಾಲದಲ್ಲಿ.

"ಟಿಶ್ಯೂ ಕಲ್ಚರ್ ಸಸಿ ತಂದರಾಯ್ತು" ಅನ್ನುವವರೂ ಇದ್ದಾರೆ. ಒಳ್ಳೆಯದೇ. ಆದರೆ ಅದು ಲ್ಯಾಬಿನಿಂದ ಶುದ್ಧವಾಗಿ ಬಂದ ಸಸಿ ಅಷ್ಟೇ, ರೋಗವೇ ಬಾರದ ಸಸಿಯಲ್ಲ. ಪಕ್ಕದ ಹೊಲದಲ್ಲಿ ಅಂಗಮಾರಿ ಇದ್ದರೆ ಇದಕ್ಕೂ ಹತ್ತುತ್ತದೆ. ರೇಟೂ ಹೆಚ್ಚು. ಎರಡು ಎಕರೆ ಮಸಾರಿ ಹೊಲದವನು ಕೊನೆಗೆ ಗೂಟಿ ಸಸಿಗೇ ಬರುತ್ತಾನೆ. ಅವನಿಗೆ ಶುದ್ಧ ಗೂಟಿ ಸಿಗುವ ಹಾಗೆ ಆಗಬೇಕು ಅನ್ನುವುದು ನನ್ನ ಮಾತು.

ಗಂಗಾವತಿಯ ಗೆಳೆಯರು "ನಮಗ್ಯಾಕಪಾ ಇದು, ನಮ್ಮದು ಭತ್ತ, ಬೀಜದ ಬೆಳೆ" ಅಂತ ನಗಬಹುದು. ಸ್ವಾಮೀ, ತುಂಗಭದ್ರಾ ಎಡದಂಡೆಯ ಭತ್ತಕ್ಕೆ ಬರುವ ಎಲೆ ಅಂಗಮಾರಿಯೂ ಇದೇ ಕುಲದ ಬ್ಯಾಕ್ಟೀರಿಯಾ :-) ಆದರೆ ಒಂದು ವಿಷಯದಲ್ಲಿ ಅವರನ್ನು ಮೆಚ್ಚಬೇಕು. ಬಿತ್ತುವ ಮುಂಚೆ ಭತ್ತವನ್ನು ಉಪ್ಪು ನೀರಿಗೆ ಹಾಕಿ ಜೊಳ್ಳು ತೇಲಿಸಿ ಗಟ್ಟಿ ಬೀಜ ಆರಿಸುವುದು ಅಲ್ಲಿ ಬಲ್ಲವರಿಗೆ ಬಲ್ಲ ಕೆಲಸ. ಬೀಜಕ್ಕೆ ಇರುವ ಈ ಪರೀಕ್ಷೆ ಕಡ್ಡಿಗೆ ಯಾಕಿಲ್ಲ?

ಇಷ್ಟೆಲ್ಲ ಹೇಳಿದರೆ ಕಡ್ಡಿ ಕೊಟ್ಟು ತಗೊಳ್ಳುವುದೇ ನಿಂತುಹೋಗುತ್ತದೆ, ಮನುಷ್ಯರ ನಡುವೆ ಇರುವ ಇದೊಂದು ಪ್ರೀತಿಯೂ ಹೋಗುತ್ತದೆ ಅನ್ನುವ ಆಕ್ಷೇಪ ಬರಬಹುದು. ನನಗೆ ಹಾಗನ್ನಿಸುವುದಿಲ್ಲ. ಮಗಳನ್ನು ಕೊಡುವ ಮನೆಯನ್ನು ನೋಡಿ ಬರುತ್ತೇವೆ, ಅದರಿಂದ ಬೀಗಸ್ತನ ಕೆಡುತ್ತದೆಯೇ? ನೋಡದೆ ಮಾಡಿದ ಸಂಬಂಧವೇ ಮುಂದೆ ಜಗಳಕ್ಕೆ ಬರುವುದು. ರೋಗದ ಕಡ್ಡಿ ಕೊಟ್ಟು ಪಕ್ಕದ ಹೊಲದವನ ತೋಟ ಹೋದರೆ ಅಲ್ಲಿ ಉಳಿಯುವ ಪ್ರೀತಿ ಎಷ್ಟು?

ಮಾಡಬೇಕಾದ್ದು ದೊಡ್ಡದೇನಲ್ಲ. ಮನೆಯವರು ರೋಗ ಬಂದ ಗಿಡದಿಂದ ಕಡ್ಡಿ ಮುರಿಯಬಾರದು, ಗಿಡದಿಂದ ಗಿಡಕ್ಕೆ ಹೋಗುವಾಗ ಕತ್ತರಿಯನ್ನು ಸ್ಪಿರಿಟಿನಲ್ಲಿ ಒರೆಸಬೇಕು, ಹೊಸ ಕುಂಡವನ್ನು ಕೆಲವು ವಾರ ಬೇರೆ ಇಡಬೇಕು. ರೈತರು ಗೂಟಿ ಕಟ್ಟುವ ತೋಟವನ್ನು ಮಳೆಗಾಲದಲ್ಲಿ ಕಣ್ಣಾರೆ ನೋಡಿ ಮುಂಗಡ ಕೊಡಬೇಕು. ನರ್ಸರಿಯವರು ಬಿಲ್ಲಿನಲ್ಲಿ ತಳಿಯ ಹೆಸರಿನ ಜೊತೆಗೆ ತಾಯಿಗಿಡ ಯಾವ ಊರಿನ, ಯಾವ ತೋಟದ್ದು ಅಂತ ಒಂದು ಸಾಲು ಬರೆಯಬೇಕು. ರಾಷ್ಟ್ರೀಯ ತೋಟಗಾರಿಕಾ ಮಂಡಳಿ ನರ್ಸರಿಗಳಿಗೆ ಸ್ಟಾರ್ ಕೊಟ್ಟು ಮಾನ್ಯತೆ ಮಾಡುವ ವ್ಯವಸ್ಥೆ ಇದೆ. ಸೋಲಾಪುರದಲ್ಲಿ 2005ರಿಂದ ದಾಳಿಂಬೆಗೇ ಅಂತ ರಾಷ್ಟ್ರೀಯ ಸಂಶೋಧನಾ ಕೇಂದ್ರ ಇದೆ, ಬಾಗಲಕೋಟೆಯಲ್ಲಿ 2008ರಿಂದ ತೋಟಗಾರಿಕೆ ವಿಶ್ವವಿದ್ಯಾಲಯ ಇದೆ. ಹೇಳಿಕೊಡುವವರಿಗೆ ಬರ ಇಲ್ಲ, ಕೇಳುವವರಿಗೆ ಬರ. ಗಿರಾಕಿ ಕೇಳದ ಸಾಲನ್ನು ಯಾವ ಅಂಗಡಿಯವನೂ ಬಿಲ್ಲಿನಲ್ಲಿ ಬರೆಯುವುದಿಲ್ಲ.

ಹಾಗಾಗಿ ಮುಂದಿನ ಸಲ ಸಸಿ ತರಲು ಹೋದಾಗ ನಾಚಿಕೆ ಬಿಟ್ಟು ಆ ಮೂರನೇ ಪ್ರಶ್ನೆ ಕೇಳಿ. ಹತ್ತು ಜನ ಕೇಳಿದರೆ ಹನ್ನೊಂದನೆಯವರಿಗೆ ಅವರೇ ಹೇಳಲು ಶುರು ಮಾಡುತ್ತಾರೆ. ಮತ್ತೆ, ನನ್ನ ಜಿರೇನಿಯಂ ಕಡ್ಡಿ ಬೇಕಾದವರು ದೀಪಾವಳಿ ಆದ ಮೇಲೆ ಬರಬಹುದು. ತಾಯಿಗಿಡ ತೋರಿಸಿಯೇ ಕೊಡುತ್ತೇನೆ, ಚಹಾ ಫ್ರೀ :-)

ನಿಮ್ಮೂರಲ್ಲಿ ಹೇಗೆ? ಸಸಿ ಕೊಳ್ಳುವಾಗ ತಾಯಿಗಿಡ ನೋಡುವ ರೂಢಿ ಇದೆಯಾ? ಏನಂತೀರಿ?