ಚಿತ್ರ ಹಚ್ಚುವ ಕೆಲಸ

ಕಳೆದ ಸಂಚಿಕೆಯಲ್ಲಿ ಉಪ್ಪಿನಕಾಯಿ ಜಾಡಿಯ ವಿಷಯ ಬರೆದು, ಮುಂದಿನ ಸಲ ಲೋಕಲ್ ಗಾಡಿಯ ಬಗೆಗೆ ಬರೆಯುವೆನೆಂದು ವಾಚಕರಿಗೆ ಮಾತು ಕೊಟ್ಟಿದ್ದೆ. ಆ ಮಾತನ್ನು ಈ ಸಲ ಉಳಿಸಿಕೊಳ್ಳಲಾರೆ. ಲೋಕಲ್ ಗಾಡಿ ಎಲ್ಲಿಗೂ ಹೋಗುವುದಿಲ್ಲ. ಹೋದರೂ ಅದರ ಹಿಂದೆ ಇನ್ನೊಂದು ಬಂದೇ ಬರುತ್ತದೆ. ಈ ಮೂರು ತಿಂಗಳು ನನ್ನ ತಲೆಯನ್ನು ಹೊಕ್ಕು ಕುಳಿತದ್ದು ನಮ್ಮ ಮನೆಯ ಭಾವಚಿತ್ರಗಳ ಪೆಟ್ಟಿಗೆ.

ಕಾರಣ ನನ್ನ ಮಗಳು. ಎಂಟು ವರ್ಷದವಳು. ಹುಟ್ಟಿದ್ದು ಮುಂಬಯಿ, ಬೆಳೆಯುತ್ತಿರುವುದು ಡೊಂಬಿವಲಿ. ಒಂದು ದಿನ ಪೆಟ್ಟಿಗೆಯಿಂದ ನನ್ನ ಮುತ್ತಜ್ಜನ ಚಿತ್ರವನ್ನು ಎತ್ತಿಕೊಂಡು ಬಂದಳು. ತಲೆಗೆ ರುಮಾಲು, ದಪ್ಪ ಮೀಸೆ, ಹೆಗಲಿಗೆ ಶಲ್ಯ. "ಅಪ್ಪಾ, ಲೋಕಮಾನ್ಯ ಟಿಳಕರ ಚಿತ್ರ ನಮ್ಮ ಮನೆಯಲ್ಲಿ ಎಲ್ಲಿಂದ ಬಂತು?" ಎಂದು ಕೇಳಿದಳು. ನಗು ಬಂದಿತು. ನಕ್ಕು ಮುಗಿದ ಮೇಲೆ ಅಷ್ಟೊಂದು ನಗುವ ವಿಷಯವಲ್ಲವೆಂದೂ ಅನಿಸಿತು. ಏಕೆಂದರೆ ಆ ಚಿತ್ರದಲ್ಲಿ ಮುತ್ತಜ್ಜನ ಪಕ್ಕಕ್ಕೆ ಕುಳಿತ ಇನ್ನಿಬ್ಬರು ಯಾರೆಂದು ಅವಳು ಕೇಳಿದ್ದರೆ ನನಗೂ ಉತ್ತರ ಗೊತ್ತಿರಲಿಲ್ಲ.

ನಮ್ಮ ತಂದೆಯವರು ತೀರಿಕೊಂಡು ಎರಡು ವರ್ಷ. ಈಗ ಈ ಮುಖಗಳನ್ನು ಗುರುತಿಸಬಲ್ಲವರು ನಮ್ಮ ಅವ್ವ ಒಬ್ಬಳೇ. ಆದುದರಿಂದ ಚಿತ್ರಗಳನ್ನೆಲ್ಲ ಗಣಕಯಂತ್ರಕ್ಕೆ ಏರಿಸಿ, ಒಂದೊಂದರ ಕೆಳಗೂ ಹೆಸರು, ಊರು, ವರ್ಷ ಬರೆದು, ಮನೆತನದ ಒಂದು ಸಂಪುಟ ಮಾಡಿ, ಪುಣೆಯ ಅಕ್ಕನಿಗೂ ಊರಿನ ಬಂಧುಗಳಿಗೂ ಒಂದೊಂದು ಪ್ರತಿ ಕಳಿಸಬೇಕೆಂದು ಹೊರಟೆ. ಹದಿನಾಲ್ಕು ವರ್ಷ ಕಡತ ಹೊಲಿದ ಕೈ ಇದು. ನಾಲ್ಕು ಚಿತ್ರ ಹಚ್ಚುವುದು ಯಾವ ಮಹಾ ಕಾರ್ಯ ಎಂಬ ಗರ್ವ ಬೇರೆ.

ಮೊದಲು ಫೋನಿನಿಂದ ಚಿತ್ರದ ಚಿತ್ರ ತೆಗೆದೆ. ಟ್ಯೂಬ್‌ಲೈಟಿನ ಬಿಳಿ ಗೆರೆಯೊಂದು ಮುತ್ತಜ್ಜನ ಹಣೆಯ ಮೇಲೆ ಅಡ್ಡಗಂಧದಂತೆ ಮೂಡಿತು. ಕಿಟಕಿಯ ಬೆಳಕಿಗೆ ಒಯ್ದರೆ ನನ್ನದೇ ಕೈಯ ನೆರಳು. ಕಚೇರಿಯ ಸ್ಕ್ಯಾನರಿನ ಕಡೆಗೆ ಒಮ್ಮೆ ಕಣ್ಣು ಹೋದುದು ನಿಜ. ನಮ್ಮ ಮೇಲಧಿಕಾರಿಗಳ ಕಣ್ಣು ಅದಕ್ಕಿಂತ ಮೊದಲೇ ಅಲ್ಲಿತ್ತು. ಕೊನೆಗೆ ನಮ್ಮ ಕಟ್ಟಡದ ಒಬ್ಬ ಸದ್ಗೃಹಸ್ಥರು ತಮ್ಮ ಸ್ಕ್ಯಾನರನ್ನು ಒಂದು ವಾರ ಎರವಲು ಕೊಟ್ಟರು. ಅಂಗುಲಕ್ಕೆ 300 ಚುಕ್ಕೆಯಂತೆ ಎತ್ತಿಕೊಂಡರೆ ಇದ್ದಷ್ಟೇ ಅಳತೆಯಲ್ಲಿ ಮತ್ತೆ ಅಚ್ಚು ಹಾಕಲು ಸಾಕು. ಚಿತ್ರ ಚಿಕ್ಕದಿದ್ದು ದೊಡ್ಡದು ಮಾಡಬೇಕಾದರೆ 600 ಬೇಕು ಎಂದು ಅವರೇ ಹೇಳಿಕೊಟ್ಟರು. ನಮ್ಮ ಅಜ್ಜನ ಅಗ್ಫಾ ಕ್ಲಿಕ್ 3 ಕ್ಯಾಮೆರಾದ ಚಿತ್ರಗಳು ಬಹಳ ಚಿಕ್ಕವು, ಚೌಕಾಕಾರದವು. ಒಂದು ಸುರುಳಿಗೆ 12 ಚಿತ್ರ ಮಾತ್ರ. ಹನ್ನೆರಡೇ ಇದ್ದುದರಿಂದ ಆಗ ಯಾರೂ ಊಟದ ತಟ್ಟೆಯ ಚಿತ್ರ ತೆಗೆದು ಸುರುಳಿ ಕೆಡಿಸುತ್ತಿರಲಿಲ್ಲ.

ಕೆಲವು ಚಿತ್ರಗಳು ಪೆಟ್ಟಿಗೆಯಲ್ಲಿರಲಿಲ್ಲ, ಅಂಟುಹಾಳೆಯ ಅಲ್ಬಮ್ಮಿನಲ್ಲಿದ್ದವು. ಮೇಲೊಂದು ಪ್ಲಾಸ್ಟಿಕ್ ಹೊದಿಕೆ, ಕೆಳಗೆ ಗೋಂದಿನ ಗೆರೆಗಳು. ನಮ್ಮ ಚಿಕ್ಕಂದಿನಲ್ಲಿ ಅದು ದೊಡ್ಡ ಶೋಕಿಯ ವಸ್ತು. ಆ ಗೋಂದು ಈಗ ಹಳದಿಯಾಗಿ, ಚಿತ್ರಗಳ ಬೆನ್ನನ್ನು ಕಚ್ಚಿ ಹಿಡಿದಿದೆ. ಅದಕ್ಕಿಂತ ಹಳೆಯದಾದ, ಕಪ್ಪು ಕಾಗದಕ್ಕೆ ನಾಲ್ಕು ಮೂಲೆ ಸಿಕ್ಕಿಸಿದ ಅಲ್ಬಮ್ಮಿನಿಂದ ಮಾತ್ರ ಚಿತ್ರಗಳು ನೆಟ್ಟಗೆ ಹೊರಗೆ ಬಂದವು. ಚಿತ್ರದ ಬೆನ್ನಿಗೆ ಬಾಲ್‌ಪೆನ್ನಿನಿಂದ ಒತ್ತಿ ಬರೆದಿದ್ದಲ್ಲಿ ಅಕ್ಷರ ಮುಂಬದಿಗೆ ಉಬ್ಬಿಕೊಂಡು, ಒಬ್ಬ ಚಿಕ್ಕಪ್ಪನ ಗಲ್ಲದ ಮೇಲೆ "ಹುಬ್ಬಳ್ಳಿ" ಎಂದು ತಿರುವುಮುರುವಾಗಿ ಕಾಣುತ್ತದೆ. ಮೆತ್ತನೆಯ ಪೆನ್ಸಿಲಿನಿಂದ ಬರೆದವು ಚೆನ್ನಾಗಿವೆ. ಇದನ್ನು ಓದುವ ಸೋದರಿಯರು ಪೆನ್ನನ್ನು ಕೆಳಗಿಟ್ಟು ಪೆನ್ಸಿಲನ್ನು ಹುಡುಕಬೇಕಾಗಿ ವಿನಂತಿ.

ನಿಜವಾದ ಗೋಳು ಮುಂದಿತ್ತು. ಬರೆದ ಪುಟದ ನಡುವೆ ಚಿತ್ರವನ್ನು ಕೂಡಿಸಿದರೆ ಅದು ಕೂಡುವುದೇ ಇಲ್ಲ. ಮುತ್ತಜ್ಜನನ್ನು ಬಲಕ್ಕೆ ಇಟ್ಟರೆ ಮಾತು ಮುಂದಿನ ಪುಟಕ್ಕೆ ಹಾರುತ್ತದೆ. ಮಾತನ್ನು ಹಿಂದಕ್ಕೆ ಎಳೆದರೆ ಮುತ್ತಜ್ಜ ಕೆಳಗಿಳಿದು ನನ್ನ ಸೋದರಮಾವನ ಹೆಸರಿನ ಮೇಲೆ ಕುಳಿತುಬಿಡುತ್ತಾನೆ. ಆಮೇಲೆ ತಿಳಿದುದೇನೆಂದರೆ, ಚಿತ್ರವನ್ನು ಸಾಲಿನೊಳಗೆ ಇಟ್ಟರೆ ಯಂತ್ರವು ಅದನ್ನು ಒಂದು ದೊಡ್ಡ ಅಕ್ಷರವೆಂದೇ ಎಣಿಸುತ್ತದೆ. ಮಾತು ಸುತ್ತುವರಿಯಲಿ ಎಂದು ಹೇಳಿದರೆ ಅದು ತೇಲುವ ದೋಣಿಯಾಗುತ್ತದೆ. ಯಾವ ಸಾಲಿಗೆ ಲಂಗರು ಹಾಕಿದೆಯೋ ಆ ಸಾಲು ಸರಿದಂತೆ ತಾನೂ ಸರಿಯುತ್ತದೆ. ಎರಡು ರಾತ್ರಿ ಹೀಗೆ ಕಳೆದ ಮೇಲೆ ನನ್ನೊಳಗಿನ ಕಾರಕೂನ ಎಚ್ಚತ್ತ. ಒಂದು ಕೋಷ್ಟಕ ಎಳೆದೆ. ಮೇಲಿನ ಮನೆಯಲ್ಲಿ ಚಿತ್ರ, ಕೆಳಗಿನ ಮನೆಯಲ್ಲಿ ಹೆಸರು, ಸುತ್ತಲಿನ ಗೆರೆಗಳನ್ನು ಅಳಿಸಿದೆ. ಯಾರೂ ಅಲುಗಾಡಲಿಲ್ಲ. ಸರಕಾರದ ಅರ್ಧ ರಾಜ್ಯಭಾರ ಕೋಷ್ಟಕಗಳಲ್ಲಿ ನಡೆಯುವುದು ಸುಮ್ಮನಲ್ಲ.

ಎರಡನೆಯ ಪಾಠ ಅವ್ವನಿಂದ. ಚಿತ್ರದ ಒಂದೇ ಬದಿಯನ್ನು ಹಿಡಿದು ಎಳೆದು ಜಾಗ ತುಂಬಿದ್ದೆ. "ನಿಮ್ಮಜ್ಜ ಇಷ್ಟು ದಪ್ಪ ಯಾವಾಗ ಇದ್ದರೋ?" ಎಂದಳು. ಮೂಲೆಯನ್ನು ಹಿಡಿದೇ ಎಳೆಯಬೇಕು. ಆಗ ಅಗಲವೂ ಎತ್ತರವೂ ಕೂಡಿಯೇ ಬೆಳೆಯುತ್ತವೆ, ಮನುಷ್ಯ ಮನುಷ್ಯನಾಗಿಯೇ ಉಳಿಯುತ್ತಾನೆ.

ಇಷ್ಟೆಲ್ಲ ಕಲಿತು, ಎಲ್ಲ ಚಿತ್ರಗಳೂ ಒಂದೇ ಅಳತೆಯಲ್ಲಿ ಸಾಲಾಗಿ ನಿಲ್ಲಲೆಂದು ಅಂಚುಗಳನ್ನು ಕತ್ತರಿಸುತ್ತ ಹೋದೆ. ಅದಕ್ಕೆ ಕ್ರಾಪ್ ಎನ್ನುತ್ತಾರೆ. ಸ್ಟುಡಿಯೋದ ಪರದೆ, ಮಂಟಪದ ಕಂಬ, ಯಾರದೋ ಅರ್ಧ ಮೊಣಕೈ, ಬೇಡವಾದುದೆಲ್ಲ ಹೋಯಿತು. ಪುಟಗಳು ಅಚ್ಚುಕಟ್ಟಾಗಿ ಕಂಡವು. ಆದರೆ ಕಡತ ಬಹಳ ಭಾರವಾಗಿ, ಅಂಚೆಯಲ್ಲಿ ಹೋಗಲೊಲ್ಲದು. ಚಿತ್ರಗಳನ್ನು ಹಗುರ ಮಾಡುವ ಗುಂಡಿಯೊಂದನ್ನು ಒತ್ತಿದೆ. ಫೋನಿನಲ್ಲಿ ಜಾಗ ಇಲ್ಲವೆಂದು ಮೂಲದ ಪ್ರತಿಗಳನ್ನೂ ಅಳಿಸಿದೆ. ಸ್ಕ್ಯಾನರನ್ನು ವಂದನೆಗಳೊಡನೆ ಹಿಂದಿರುಗಿಸಿದೆ.

ಆ ಭಾನುವಾರ ಸಂಪುಟವನ್ನು ಅವ್ವನ ಮುಂದಿಟ್ಟೆ. ಕನ್ನಡಕ ಏರಿಸಿಕೊಂಡು ಒಂದೊಂದೇ ಪುಟ ನೋಡಿದಳು. 1985ರಲ್ಲಿ ಗದಗಿನಲ್ಲಿ ನಡೆದ ಅವಳದೇ ಮದುವೆಯ ಚಿತ್ರ ಬಂದಿತು. ಮನೆಯ ಅಂಗಳದಲ್ಲಿ ಮೂವತ್ತು ಜನ ನಿಂತ ಗುಂಪಿನ ಚಿತ್ರ. ಬಹಳ ಹೊತ್ತು ನೋಡಿ, ಪುಟದ ಬಲ ಅಂಚನ್ನು ಬೆರಳಿನಿಂದ ತಡವಿದಳು.

"ಅಕ್ಕನ್ನ ಎಲ್ಲೆ ಬಿಟ್ಟ್ಯೋ?"

"ಅಕ್ಕ ಪುಣ್ಯಾದಾಗ ಇದ್ದಾಳಲ್ಲವ್ವಾ. ಆಗ ಹುಟ್ಟೇ ಇರಲಿಲ್ಲ."

"ಆಕಿ ಅಲ್ಲೋ. ನಿಮ್ಮಪ್ಪನ ಸೋದರತ್ತಿ. ಇಲ್ಲೇ ಬಾಗಲಾಗ ನಿಂತಿದ್ದಳಲ್ಲೋ!"

ನೆನಪಾಯಿತು. ಬಲಕ್ಕೆ ಒಂದು ಅರ್ಧ ಬಾಗಿಲು, ಚೌಕಟ್ಟನ್ನು ಹಿಡಿದ ಒಂದು ಕೈ, ತಲೆಯ ಮೇಲೆ ಸೆರಗು ಹೊದೆದ ಯಾರೋ ಒಬ್ಬರು. ಅಡಿಗೆಯವರಿರಬೇಕೆಂದು ತಿಳಿದು ಕತ್ತರಿಸಿದ್ದೆ.

ಅವಳನ್ನು ಮನೆಯವರೆಲ್ಲ ಅಕ್ಕ ಎಂದೇ ಕರೆಯುತ್ತಿದ್ದರಂತೆ. ಚಿಕ್ಕ ವಯಸ್ಸಿನಲ್ಲಿಯೇ ಗಂಡನನ್ನು ಕಳೆದುಕೊಂಡು ಅಣ್ಣನ ಮನೆಗೆ ಬಂದವಳು. ನಮ್ಮ ತಂದೆಯವರು ನಾಲ್ಕು ವರ್ಷದವರಿದ್ದಾಗ ಅವರ ತಾಯಿ ತೀರಿಕೊಂಡರು. ಮುಂದೆ ಸಾಕಿದವಳು ಇವಳೇ. ಧಾರವಾಡದ ಕಾಲೇಜಿಗೆ ಹೋಗಲು ಹಣವಿಲ್ಲದಾಗ ತನ್ನ ಪಾಟಲಿ ಮಾರಿ ಕಳಿಸಿದಳು. ಆ ಹುಡುಗನ ಮದುವೆಯ ದಿನ ಫೋಟೋದವನು ಎಲ್ಲರೂ ಬನ್ನಿರೆಂದು ಕರೆದಾಗ ಅವಳು ಬರಲಿಲ್ಲ. ಗಂಡನಿಲ್ಲದವಳು ಶುಭಕಾರ್ಯದ ಚಿತ್ರದಲ್ಲಿ ನಿಲ್ಲಬಾರದೆಂಬುದು ಆಗಿನ ಕಟ್ಟಳೆ. ಯಾರೂ ಒತ್ತಾಯ ಮಾಡಲೂ ಇಲ್ಲ. ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಫೋಟೋದವನ ಮಸೂರಕ್ಕೆ ಈ ಕಟ್ಟಳೆ ಗೊತ್ತಿರಲಿಲ್ಲವಾದ್ದರಿಂದ ಅವಳೂ ಅದರೊಳಗೆ ಬಂದಳು. ಎರಡು ವರ್ಷಕ್ಕೆ ತೀರಿಕೊಂಡಳು. ಅವಳ ಚಿತ್ರ ಅದೊಂದೇ.

ಊಟ ರುಚಿಸಲಿಲ್ಲ. ಅಂದು ಅವಳನ್ನು ಹೊರಗಿಟ್ಟವರು ಹಿರಿಯರು. ಹೊರಗಿಟ್ಟರೂ ಒಳಗೆ ಬಂದಿದ್ದವಳನ್ನು ಮತ್ತೆ ಹೊರಗೆ ಹಾಕಿದವನು ಬಿ.ಎ. ಓದಿದ ನಾನು.

ಕತ್ತರಿಸಿದ್ದನ್ನು ಮರಳಿ ತರಬಹುದೇ ಎಂದು ವಿಚಾರಿಸಿದೆ. ತರಬಹುದಾಗಿತ್ತು. ಬರೆವಣಿಗೆಯ ತಂತ್ರಾಂಶದಲ್ಲಿ ಕ್ರಾಪ್ ಮಾಡಿದರೆ ಅಂಚು ಕಣ್ಣಿಗೆ ಮರೆಯಾಗುತ್ತದೆಯೇ ಹೊರತು ನಾಶವಾಗುವುದಿಲ್ಲ. ಮಡಿಸಿದ ಕಾಗದದಂತೆ ಹಿಂದೆಯೇ ಇರುತ್ತದೆ. ನಾನು ಆಮೇಲೆ ಒತ್ತಿದೆನಲ್ಲ, ಹಗುರ ಮಾಡುವ ಗುಂಡಿ, ಅದರ ಜೊತೆಗೆ "ಕತ್ತರಿಸಿದ ಭಾಗಗಳನ್ನು ಅಳಿಸು" ಎಂಬ ಗುರುತೂ ಇತ್ತು. ಮಡಿಸಿದ ಕಾಗದವನ್ನು ಕತ್ತರಿಯಿಂದ ಕತ್ತರಿಸಿದವನು ನಾನೇ.

ಮೂಲ ಚಿತ್ರ ಊರಿನ ಬಂಧುಗಳದು. ಚೌಕಟ್ಟಿನಿಂದ ಬಿಚ್ಚಿ ಕಳಿಸಿದ್ದರು, ನಾನು ಹಿಂದಿರುಗಿಸಿದ್ದೆ. ಫೋನು ಮಾಡಿದೆ. ಮತ್ತೆ ಗಾಜಿನೊಳಗೆ ಹಾಕಿ ಗೋಡೆಗೆ ತೂಗುಹಾಕಿದ್ದರಂತೆ. ಮಳೆಗಾಲದಲ್ಲಿ ಗೋಡೆ ಸೋರಿ ಚಿತ್ರ ಗಾಜಿಗೆ ಅಂಟಿತು. ಬಿಡಿಸಹೋದರೆ ಮೇಲಿನ ಪದರವೇ ಎದ್ದು ಬಂದಿತು. ಗಾಜಿಗೂ ಚಿತ್ರಕ್ಕೂ ನಡುವೆ ಒಂದು ರಟ್ಟಿನ ಅಂಚು ಇದ್ದಿದ್ದರೆ ಹೀಗಾಗುತ್ತಿರಲಿಲ್ಲವಂತೆ. ಅವರಿಗೆ ಇದನ್ನು ಹೇಳುವ ಬಾಯಿ ನನಗೆಲ್ಲಿತ್ತು?

ಅದೇ ವಾರ ಕ್ಯಾಂಟೀನಿನಲ್ಲಿ ಚಹಾಕ್ಕೆ ಹಣ ಕೊಡುವಾಗ ಕೈಗೆ 50 ರೂಪಾಯಿಯ ನೋಟು ಬಂದಿತು. 2017ರಿಂದ ಈ ನೋಟಿನ ಬೆನ್ನಿಗೆ ನಮ್ಮ ಹಂಪಿಯ ಕಲ್ಲಿನ ರಥವಿದೆ. ಪರಊರಿನಲ್ಲಿರುವ ನಮಗೆ ಅದೊಂದು ಅಭಿಮಾನ. 1856ರಲ್ಲಿ ಗ್ರೀನ್‌ಲಾ ಎಂಬ ಮದರಾಸು ಸೈನ್ಯದ ಅಧಿಕಾರಿ ಮೇಣದ ಕಾಗದದ ನೆಗೆಟಿವ್‌ಗಳಲ್ಲಿ ಹಂಪಿಯ ಚಿತ್ರಗಳನ್ನು ತೆಗೆದ. ಅವುಗಳಲ್ಲಿ ಈ ರಥದ ಮೇಲೆ ಇಟ್ಟಿಗೆಯ ಒಂದು ಶಿಖರವಿದೆ. ಆಮೇಲೆ ಅದನ್ನು ತೆಗೆದುಹಾಕಿದರು. ಇಂದು ಹಂಪಿಗೆ ಹೋದವರಿಗೂ ನೋಟು ನೋಡಿದವರಿಗೂ ರಥ ಹಾಗೆಯೇ, ಬೋಳಾಗಿಯೇ ಹುಟ್ಟಿತೆಂದು ತೋರುತ್ತದೆ. ಆ ಪುಣ್ಯಾತ್ಮ ತನ್ನ ಚಿತ್ರದ ಮೇಲಂಚು ಅಂದವಾಗಿಲ್ಲವೆಂದು ಕತ್ತರಿಸಿದ್ದರೆ? ಚಹಾ ಆರಿತು.

ಕೊನೆಗೆ ಸಹಾಯಕ್ಕೆ ಬಂದವಳು ಪುಣೆಯ ಅಕ್ಕ. ಸ್ಕ್ಯಾನು ಮಾಡಿದ ದಿನವೇ ಉತ್ಸಾಹದಿಂದ ಅವಳಿಗೆ ವಾಟ್ಸಾಪಿನಲ್ಲಿ ಈ ಚಿತ್ರ ಕಳಿಸಿದ್ದೆನಂತೆ. ನನಗೆ ಮರೆತಿತ್ತು, ಅವಳ ಫೋನಿಗೆ ಮರೆತಿರಲಿಲ್ಲ. ಆದರೆ ವಾಟ್ಸಾಪು ಚಿತ್ರವನ್ನು ಚಿತ್ರವಾಗಿ ಕಳಿಸಿದರೆ ಹಿಂಡಿ ಚಿಕ್ಕದು ಮಾಡಿ ಕಳಿಸುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿದರೆ ಮಾತ್ರ ಇದ್ದಂತೆಯೇ ಮುಟ್ಟಿಸುತ್ತದೆ. ದೊಡ್ಡದು ಮಾಡಿ ನೋಡಿದೆವು. ಬಾಗಿಲಿದೆ, ಕೈಯಿದೆ. ಮುಖವಿರಬೇಕಾದಲ್ಲಿ ಬೂದು ಬಣ್ಣದ ಕೆಲವು ಚೌಕಗಳು, ಅಷ್ಟೆ. ನನ್ನ ಕಚೇರಿಯ ಹುಡುಗನೊಬ್ಬ, ಈಗಿನ ಹೊಸ ತಂತ್ರಾಂಶದಿಂದ ಮುಖವನ್ನು ಸ್ಪಷ್ಟ ಮಾಡಿಕೊಡುವೆನೆಂದ. ಮಾಡಿಯೂ ಕೊಟ್ಟ. ಕಣ್ಣು, ಮೂಗು, ಮುಗುಳುನಗೆ ಎಲ್ಲ ಬಂದವು. ಅವ್ವನಿಗೆ ತೋರಿಸಿದೆ. "ಚಂದ ಇದ್ದಾಳ. ಆದರ ಈಕಿ ಯಾರು?" ಎಂದಳು. ಯಂತ್ರ ತನಗೆ ತಿಳಿದ ಸಾವಿರ ಮುಖಗಳಿಂದ ಒಂದನ್ನು ಕಟ್ಟಿಕೊಟ್ಟಿತ್ತು, ಅದು ಅಕ್ಕನದಲ್ಲ. ಅದನ್ನು ಅಳಿಸಿ, ಬೂದು ಚೌಕಗಳ ಚಿತ್ರವನ್ನೇ, ಯಾವ ಅಂಚನ್ನೂ ಮುಟ್ಟದೆ, ಪುಟದ ತುಂಬ ಹಚ್ಚಿದೆ. ಉಳಿದವುಗಳ ಸಾಲಿಗೆ ಅದು ಹೊಂದುವುದಿಲ್ಲ. ಹೊಂದದಿದ್ದರೆ ಬೇಡ.

ಇನ್ನು ಕೆಳಗಿನ ಮನೆಯಲ್ಲಿ ಹೆಸರು ಬರೆಯಬೇಕು. ಏನೆಂದು? ಅವ್ವ ಬಾಯಿ ತೆರೆದವಳು ಹಾಗೆಯೇ ಸುಮ್ಮನಾದಳು. ಅತ್ತೆಯ ಮನೆಯಲ್ಲಿ ಎರಡು ವರ್ಷ ಅಕ್ಕ ಎಂದೇ ಕರೆದಿದ್ದಳು; ಹೆಸರು ಕೇಳುವ ಪ್ರಸಂಗವೇ ಬಂದಿರಲಿಲ್ಲ. ಊರಿಗೆ ಫೋನು ಮಾಡಿದರೆ ಅವರೂ ಅಕ್ಕ ಎಂದರು. ಮೂರು ದಿನ ಯೋಚಿಸಿ ಅವ್ವ ರಾತ್ರಿ ಹನ್ನೊಂದು ಗಂಟೆಗೆ ನನ್ನನ್ನು ಎಬ್ಬಿಸಿ, ಅಟ್ಟದ ಮೇಲಿನ ಹಿತ್ತಾಳೆಯ ಪಾತ್ರೆಗಳನ್ನು ಇಳಿಸಲು ಹೇಳಿದಳು. ಗದಗಿನಿಂದ ತಂದ ಮೇಲೆ ಗ್ಯಾಸಿನ ಒಲೆಯ ಈ ಮನೆಯಲ್ಲಿ ಬಳಸಿಯೇ ಇರಲಿಲ್ಲ. ಒಂದು ತಂಬಿಗೆಯ ಕೊರಳಿನಲ್ಲಿ, ತವರಿನವರು ಮದುವೆಯಲ್ಲಿ ಕೊಡುವಾಗ ಕೊರೆಸಿದ ಚುಕ್ಕೆಯ ಅಕ್ಷರಗಳು. ಹುಣಸೆಹಣ್ಣು ಹಚ್ಚಿ ತಿಕ್ಕಿದೆವು. ಮೊದಲು ತಂದೆಯ ಹೆಸರು, ಆಮೇಲೆ ಅವಳದು, ಪೂರ್ತಿಯಾಗಿ.

ಆ ಹೆಸರನ್ನು ಪತ್ರಿಕೆಯಲ್ಲಿ ಬರೆಯುವುದಿಲ್ಲ, ಬರೆಯಬೇಕಾದಲ್ಲಿ ಬರೆದಿದ್ದೇನೆ. ಅವ್ವ ಹೇಳಿದಂತೆಯೇ ಬರೆದುಕೊಂಡೆ: ಬಲಕ್ಕೆ, ಬಾಗಿಲಲ್ಲಿ ಇಂಥವರು, ವರನ ಸೋದರತ್ತೆ, ವರನನ್ನು ಬೆಳೆಸಿದವರು, ಗದಗ, 1985. ಮಗಳು ಓದಿ ನೋಡಿ, "ಇವರು ಒಳಗೆ ಯಾಕೆ ಬರಲಿಲ್ಲ?" ಎಂದು ಅಜ್ಜಿಯನ್ನು ಕೇಳಿದಳು. ಅಜ್ಜಿ ಮೊಮ್ಮಗಳಿಬ್ಬರೂ ಆ ಮಾತಿಗೆ ಒಂದು ಮಧ್ಯಾಹ್ನ ಕಳೆದರು.

ಪೆಟ್ಟಿಗೆಯಲ್ಲಿ ಇನ್ನೂ 64 ಚಿತ್ರಗಳಿವೆ. ಸ್ಕ್ಯಾನರನ್ನು ಮತ್ತೆ ಎರವಲು ತಂದಿದ್ದೇನೆ. ಮೂಲದ ಪ್ರತಿಗಳನ್ನು ಈಗ ಎರಡು ಕಡೆ ಇಟ್ಟಿದ್ದೇನೆ, ಒಂದು ನನ್ನಲ್ಲಿ, ಒಂದು ಪುಣೆಯಲ್ಲಿ. ಭಾನುವಾರ ಊಟವಾದ ಮೇಲೆ ಅವ್ವ ಐದು ಚಿತ್ರ ನೋಡುತ್ತಾಳೆ, ಹೆಚ್ಚೆಂದರೆ ಆರು, ಕಣ್ಣು ದಣಿಯುತ್ತದೆ. ಲೋಕಲ್ ಗಾಡಿಯ ಲೇಖನ ಮುಂದಿನ ಸಂಚಿಕೆಗೆ.