ನಮ್ಮ ಮೈಯ ಕಡತ ಯಾರ ಕೈಯಲ್ಲಿ?



ಹದಿನಾಲ್ಕು ಅಂಕಿಯ ಒಂದು ನಂಬರು ನಮ್ಮ ಕೇರಿಗಳಿಗೆ ಬಂದಿದೆ. ಹೆಸರು ಆಭಾ. 2021 ರ ಸೆಪ್ಟೆಂಬರ್ 27 ರಂದು ಕೇಂದ್ರ ಸರ್ಕಾರ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಎಂದು ಇದನ್ನು ದೇಶಕ್ಕೆಲ್ಲ ಹಬ್ಬಿಸಿತು. ಡಾಕ್ಟರ ಚೀಟಿ, ರಕ್ತಪರೀಕ್ಷೆ, ಎಕ್ಸ್‌ರೇ, ಹೆರಿಗೆ ಎಲ್ಲವನ್ನೂ ಈ ನಂಬರಿನ ದಾರಕ್ಕೆ ಪೋಣಿಸಬಹುದು. ಹಾನಗಲ್ಲಿನಲ್ಲಿ ತೋರಿಸಿದ್ದು ಹುಬ್ಬಳ್ಳಿಯ ದೊಡ್ಡಾಸ್ಪತ್ರೆಯ ಕಂಪ್ಯೂಟರಿನಲ್ಲೂ ಕಾಣಬೇಕೆಂಬುದು ಇದರ ಲೆಕ್ಕ.

ಅನುಕೂಲವಿಲ್ಲ ಎಂದು ನಾವು ಹೇಳುವುದಿಲ್ಲ. ಹಿರೇಕೆರೂರಿನಿಂದ ಬಸ್ಸು ಹಿಡಿದು ದಾವಣಗೆರೆಗೆ ಹೋದ ಅವ್ವ, ಹಳೇ ಚೀಟಿ ಮರೆತದ್ದಕ್ಕೆ ಅದೇ ಪರೀಕ್ಷೆಗೆ ಮತ್ತೆ ರೊಕ್ಕ ಕಟ್ಟುವುದನ್ನು ನಾವೂ ಕಂಡಿದ್ದೇವೆ. ನಮ್ಮ ಪ್ರಶ್ನೆ ಬೇರೆ. ಇದನ್ನು ಓದುವವರು ಯಾರು?

ನೀವು ಒಪ್ಪಿದರೆ ಮಾತ್ರ ತೋರಿಸುತ್ತೇವೆ ಎನ್ನುತ್ತಾರೆ. ಒಪ್ಪಿಗೆ ಹೇಗಿರುತ್ತದೆ ನೋಡಿ. “ಆಧಾರ್ ಕೊಡ್ರಿ. ಓಟಿಪಿ ಬಂತೇನು? ಲಗೂನ ಹೇಳ್ರಿ, ಹಿಂದ ಮಂದಿ ನಿಂತಾರ.” ಅವ್ವ ಹೇಳುತ್ತಾಳೆ. ಆಯಿತು ಒಪ್ಪಿಗೆ! ಯಾವುದಕ್ಕೆ ಒಪ್ಪಿದಳೆಂದು ಕನ್ನಡದಲ್ಲಿ ಓದಿ ಹೇಳಿದವರಿಲ್ಲ. ಮನೆಗೊಂದೇ ಫೋನು, ಅದೂ ಅಣ್ಣನ ಜೇಬಿನಲ್ಲಿ. ಅಂದ ಮೇಲೆ ಅವ್ವನ ಗುಟ್ಟಿನ ಕೀಲಿಕೈ ಯಾರ ಹತ್ತಿರ ಇದ್ದಂತಾಯಿತು? 2021 ರಲ್ಲಿ ಕೊರೋನಾ ಲಸಿಕೆಗೆಂದು ಆಧಾರ್ ಕೊಟ್ಟ ಎಷ್ಟೋ ಜನಕ್ಕೆ ಕೇಳದೆಯೇ ಆರೋಗ್ಯದ ನಂಬರು ಹುಟ್ಟಿತ್ತು. ಸರ್ಟಿಫಿಕೇಟಿನಲ್ಲಿ ಅಚ್ಚಾದ ಮೇಲೇ ಅವರಿಗೆ ಗೊತ್ತಾದದ್ದು.

ಕಾವಲು ಭದ್ರವಾಗಿದೆಯಂತೆ. 2022 ರ ನವೆಂಬರಿನಲ್ಲಿ ದಿಲ್ಲಿಯ ಏಮ್ಸ್ ಆಸ್ಪತ್ರೆಯ ಕಂಪ್ಯೂಟರುಗಳಿಗೆ ಕಳ್ಳರು ನುಗ್ಗಿ ಬೀಗ ಜಡಿದರು. ದಿನಗಟ್ಟಲೆ ಅಲ್ಲಿ ಕೈಬರಹದಲ್ಲೇ ಕೆಲಸ ನಡೆಯಿತು. 2023 ರ ಜೂನಿನಲ್ಲಿ ಫೋನ್ ನಂಬರು ಒತ್ತಿದರೆ ಲಸಿಕೆ ಹಾಕಿಸಿಕೊಂಡವರ ವಿವರ ಟೆಲಿಗ್ರಾಂನಲ್ಲಿ ಉದುರುತ್ತಿತ್ತು. ದಿಲ್ಲಿಯ ಏಮ್ಸಿಗೇ ಈ ಗತಿಯಾದರೆ ನಮ್ಮ ತಾಲ್ಲೂಕು ಆಸ್ಪತ್ರೆಯ ಕಂಪ್ಯೂಟರನ್ನು ಕಾಯುವವರು ಯಾರಪ್ಪ?

“ಬಡವರು ನೀವು, ಮುಚ್ಚಿಡೋದು ಏನೈತಿ ನಿಮ್ಮಲ್ಲಿ?” ಎಂದು ಓದಿದವರೇ ಕೇಳುತ್ತಾರೆ. ಈ ಮಾತಿಗೆ ಹೊಟ್ಟೆ ಉರಿಯುತ್ತದೆ. ನಮಗೆ ಮುಚ್ಚಿಡಲು ಎಂದೂ ಬಿಟ್ಟಿಲ್ಲ. ವಿಳಾಸ ಹೇಳಿದರೆ ಕೇರಿ ಗೊತ್ತಾಗುತ್ತದೆ, ಕೇರಿ ಗೊತ್ತಾದರೆ ಜಾತಿ. ಸವಣೂರಿನಲ್ಲಿ 2010 ರಲ್ಲಿ ಮನೆ ಉಳಿಸಿಕೊಳ್ಳಲು ಮೈಮೇಲೆ ಮಲ ಸುರಿದುಕೊಂಡ ಬಂಧುಗಳನ್ನು ನೆನೆಯಿರಿ. ಅಂಥ ಕಸುಬಿನವರ ಚರ್ಮದ ಕಾಯಿಲೆ, ಉಸಿರಿನ ಕಾಯಿಲೆಯೇ ಅವರ ಜಾತಿ ಸರ್ಟಿಫಿಕೇಟು. ರೋಗ ಓದಿದವನು ಕುಲವನ್ನೂ ಓದುತ್ತಾನೆ.

ಹಾಸ್ಟೆಲಿನ ಮಾತಿಗೇ ಬರೋಣ. ನಮ್ಮಲ್ಲೊಬ್ಬನಿಗೆ ಕ್ಷಯ ಎಂದಿಟ್ಟುಕೊಳ್ಳಿ. ನಿಕ್ಷಯ್ ಪಟ್ಟಿಯಲ್ಲಿ ಹೆಸರು ಬರೆಸಿದರೆ ಊಟದ ಖರ್ಚಿಗೆ ತಿಂಗಳಿಗೆ ಸಾವಿರ ರೂಪಾಯಿ (2024 ರ ನವೆಂಬರಿಗೆ ಮೊದಲು ಐನೂರು). ಬರೆಸಬೇಕು, ಮದ್ದೂ ನುಂಗಬೇಕು, ವಾಸಿಯಾಗುವ ರೋಗ ಅದು. ಆದರೆ ಆ ಹೆಸರು ಮದ್ದು ಕೊಡುವವರ ಹತ್ತಿರವೇ ಇರಬೇಕು. ವಾರ್ಡನ್ನಿಗೆ, ನಾಳೆ ಕೆಲಸ ಕೊಡುವ ಸಾಹುಕಾರನಿಗೆ, ವಿಮೆ ಕಂಪನಿಗೆ ಅದು ಯಾಕೆ? ತಟ್ಟೆ ಬೇರೆ ಇಡುವುದು ನಮಗೆ ಹೊಸದಲ್ಲ. ಈಗ ಅದಕ್ಕೆ ಡಾಕ್ಟರ ರಿಪೋರ್ಟಿನ ನೆಪವೂ ಸಿಕ್ಕಂತಾಗುತ್ತದೆ. ಹುಡುಗಿಯರ ಹಾಸ್ಟೆಲಿನ ಗೆಳತಿಯರಿಗೆ ನಾವು ಬಿಡಿಸಿ ಹೇಳಬೇಕಾಗಿಲ್ಲ.

ಕಾನೂನು ಇದೆಯಲ್ಲ ಎನ್ನುತ್ತೀರಿ. ಇದೆ. ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017 ರ ಆಗಸ್ಟ್ 24 ರಂದು ಖಾಸಗಿತನ ಮೂಲಭೂತ ಹಕ್ಕೆಂದರು. ಆಮೇಲೆ ಏನಾಯಿತು? 2018 ರ ಕರಡಿನಲ್ಲಿ, 2019 ರ ಮಸೂದೆಯಲ್ಲಿ ಆರೋಗ್ಯ, ಜಾತಿ, ಬುಡಕಟ್ಟು ಇವನ್ನು ಸೂಕ್ಷ್ಮ ಮಾಹಿತಿ ಎಂದು ಬೇರೆ ತೆಗೆದು ಹೆಚ್ಚಿನ ಕಾವಲು ಇಟ್ಟಿದ್ದರು. 2023 ರ ಕಾಯ್ದೆಯಲ್ಲಿ ಆ ವರ್ಗವೇ ಮಾಯ! ಮೊಬೈಲ್ ರೀಚಾರ್ಜಿನ ಲೆಕ್ಕವೂ ಕ್ಷಯದ ರಿಪೋರ್ಟೂ ಒಂದೇ ತಕ್ಕಡಿಯಲ್ಲಿ. ಸಾಲದ್ದಕ್ಕೆ, ಸಹಾಯಧನ, ಸೌಲಭ್ಯ, ಸರ್ಟಿಫಿಕೇಟು ಕೊಡುವ ಕೆಲಸಕ್ಕಾದರೆ ತನ್ನ ದಾಖಲೆಯಲ್ಲಿ ಇದ್ದದ್ದನ್ನು ಸರ್ಕಾರ ಮತ್ತೆ ಒಪ್ಪಿಗೆ ಕೇಳದೆ ಬಳಸಲೂ ದಾರಿ ಬಿಟ್ಟಿದ್ದಾರೆ. ಸ್ಕಾಲರ್‌ಶಿಪ್ಪು, ರೇಷನ್ನು, ಹಾಸ್ಟೆಲ್ ಸೀಟು ನಂಬಿ ಬದುಕುವವರು ಯಾರು ಗೆಳೆಯರೆ? ಹೊಲ ಗದ್ದೆ ಇದ್ದವರೇ?

ಹಾಗೆಂದು ದಾಖಲೆಯೇ ಬೇಡವೆಂದರೆ ನಾವೇ ಮೂರ್ಖರು. ನಮ್ಮದೇ ಜಿಲ್ಲೆಯ ರಾಣೆಬೆನ್ನೂರಿನ ಸರ್ಕಾರಿ ಆಸ್ಪತ್ರೆಯಲ್ಲಿ ಸಾವಿರಕ್ಕೂ ಮೇಲೆ ಹೆಣ್ಣುಮಕ್ಕಳ ಗರ್ಭಕೋಶ ವಿನಾಕಾರಣ ತೆಗೆದರೆಂಬ ಆರೋಪ ಎದ್ದಿತು. ಲಂಬಾಣಿ, ದಲಿತ ತಾಯಂದಿರೇ ಹೆಚ್ಚು. 2022 ರಲ್ಲಿ ಅವರು ಪರಿಹಾರ ಕೇಳಿ, ಆಗಿನ ಮುಖ್ಯಮಂತ್ರಿಯ ಮನೆಯಿರುವ ಶಿಗ್ಗಾಂವಿಗೆಂದು ನಡೆದೇ ಹೊರಟರು. ಏನು ರೋಗಕ್ಕೆ ಕೊಯ್ದಿರಿ ಎಂದು ಕೇಳಬೇಕಾದರೆ ಕಾಗದ ಬೇಕು. ಆ ಕಾಗದ ಕೊಯ್ದವರ ಬೀರುವಿನಲ್ಲೋ ದಿಲ್ಲಿಯ ಯಂತ್ರದಲ್ಲೋ ಇದ್ದರೆ ಸಾಲದು, ತಾಯಿಯ ಟ್ರಂಕಿನಲ್ಲಿ ಇರಬೇಕು. ನಮ್ಮ ಮೈಯನ್ನು ಅವರು ಓದಬಹುದು, ನಾವು ಓದುವಂತಿಲ್ಲ ಎಂಬ ಕಡತ ಶ್ಯಾನುಭೋಗರ ದಫ್ತರದ ಹೊಸ ಅವತಾರ.

ಆದ್ದರಿಂದ ನಾವು ಕೇಳುವುದು ಇಷ್ಟು. ಒಪ್ಪಿಗೆಯ ಮಾತನ್ನು ಕನ್ನಡದಲ್ಲಿ ಓದಿ ಹೇಳಲಿ. ನಮ್ಮ ಕಡತ ಯಾರು ತೆರೆದರು, ಯಾಕೆ ತೆರೆದರು ಎಂದು ನಮಗೆ ತಿಳಿಸಲಿ. ಹಾಸ್ಟೆಲ್ ಪ್ರವೇಶಕ್ಕೂ ಸ್ಕಾಲರ್‌ಶಿಪ್ಪಿಗೂ ಈ ನಂಬರು ಗಂಟು ಹಾಕದಿರಲಿ. ಚೀಟಿ ಬರೆದು ಕೈಗೂ ಕೊಡಲಿ.

ಅದಾಗುವತನಕ ನಮ್ಮ ಕೈಲಿ ಇರುವುದೂ ಉಂಟು. ಆಭಾ ಕಡ್ಡಾಯವಲ್ಲ, ಇದು ಮಿಷನ್ನಿನವರೇ ಹೇಳಿದ ಮಾತು. ಮಾಡಿಸಿಕೊಂಡವರು ಅವರದೇ ವೆಬ್‌ಸೈಟಿನಲ್ಲಿ ಅಳಿಸಲೂಬಹುದು. ರಜೆಗೆ ಊರಿಗೆ ಹೋದಾಗ ಇದನ್ನು ಮನೆಯಲ್ಲಿ ಹೇಳಿ. ಆಶಾ ಅಕ್ಕಾರ ಜೊತೆ ಜಗಳ ಬೇಡ, ಅವರ ತಲೆಯ ಮೇಲೂ ಟಾರ್ಗೆಟ್ ಕೂತಿದೆ. ಅವ್ವನ ಫೋನಿಗೆ ಬಂದ ಮೆಸೇಜನ್ನು ಪೂರ್ತಿ ಓದಿ, ಅರ್ಥ ಹೇಳಿ, ಕೊಡುವುದೋ ಬಿಡುವುದೋ ಅವಳನ್ನೇ ಕೇಳಿ.