ಗಣಿತ-ಕಂಪ್ಯೂಟಿಂಗ್ ಪದವಿ: ಸಾಲ ಮಾಡುವ ಮೊದಲು ಒಂದು ಲೆಕ್ಕ

ಪ್ಲಸ್ ಟು ಫಲಿತಾಂಶ ಬಂದ ಕೂಡಲೇ ಕಾಸರಗೋಡಿನ ಹೆತ್ತವರಿಗೆ ಗಡಿಯಾಚೆಯ ಖಾಸಗಿ ಕಾಲೇಜುಗಳಿಂದ ಫೋನ್ ಕರೆಗಳು ಶುರುವಾಗುತ್ತವೆ. ಈಗ ಹೆಚ್ಚು ಕೇಳಿಬರುವ ಹೆಸರುಗಳಲ್ಲಿ ಕಂಪ್ಯೂಟೇಶನಲ್ ಮ್ಯಾಥಮ್ಯಾಟಿಕ್ಸ್ ಕೂಡಾ ಒಂದು. ವಿಷಯವೇನೋ ಒಳ್ಳೆಯದೇ. ರೇಖೀಯ ಬೀಜಗಣಿತ, ಸಂಭವನೀಯತೆ, ಅಲ್ಗೊರಿದಂ, ಪ್ರೋಗ್ರಾಮಿಂಗ್ ಬಲ್ಲವರಿಗೆ ಬೇಡಿಕೆ ಇದೆ. ಆದರೆ ಬೇಡಿಕೆ ಇರುವುದು ವಿದ್ಯೆಗೆ, ಪದವಿಯ ಹೆಸರಿಗಲ್ಲ.

ಶುಲ್ಕ, ಹಾಸ್ಟೆಲ್ ಎಲ್ಲ ಸೇರಿ ನಾಲ್ಕು ವರ್ಷಕ್ಕೆ 10 ಲಕ್ಷ ರೂ. ಸಾಲವೆಂದು ಇಟ್ಟುಕೊಳ್ಳಿ. ವರ್ಷಕ್ಕೆ ಎರಡೂವರೆ ಲಕ್ಷದಂತೆ, ಶೇ. 10ರ ಬಡ್ಡಿಗೆ. ಕಲಿಕೆ ಮುಗಿದು ಒಂದು ವರ್ಷದ ತನಕ ಕಂತು ಇಲ್ಲ ಎಂದು ಬ್ಯಾಂಕಿನವರು ಹೇಳುತ್ತಾರೆ. ಬಡ್ಡಿ ಮಾತ್ರ ನಿಲ್ಲುವುದಿಲ್ಲ. ಸರಳ ಬಡ್ಡಿಯಲ್ಲೇ ಆ ಹೊತ್ತಿಗೆ ಬಾಕಿ 13.5 ಲಕ್ಷ. ಹತ್ತು ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು 17,800 ರೂ. ಕಟ್ಟಬೇಕು, ಒಟ್ಟು 21 ಲಕ್ಷ ದಾಟುತ್ತದೆ. ದೊಡ್ಡ ಐಟಿ ಕಂಪೆನಿಗಳು ಹೊಸಬರಿಗೆ ಕೊಡುವ ಸಾಮಾನ್ಯ ಸಂಬಳ ಹಲವು ವರ್ಷಗಳಿಂದ ವಾರ್ಷಿಕ 3.5 ಲಕ್ಷದ ಆಸುಪಾಸಿನಲ್ಲೇ ಇದೆ. ಕೈಗೆ ಬರುವುದು ಇಪ್ಪತ್ತೈದು ಸಾವಿರ. ಕಂತು ಕಳೆದು ಉಳಿಯುವ ಹಣದಲ್ಲಿ ಬೆಂಗಳೂರಿನಲ್ಲಿ ಪಿ.ಜಿ. ಬಾಡಿಗೆಯೂ ಕಷ್ಟ.

ಕೇಂದ್ರದ ಪಿಎಂ ವಿದ್ಯಾಲಕ್ಷ್ಮಿ ಯೋಜನೆ 2024ರ ನವೆಂಬರಿನಲ್ಲಿ ಮಂಜೂರಾಯಿತು. ಅಡಮಾನ, ಜಾಮೀನು ಎರಡೂ ಬೇಡ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಶೇ. 3ರ ಬಡ್ಡಿ ರಿಯಾಯಿತಿಯೂ ಇದೆ. ಆದರೆ ಅದು ಪಟ್ಟಿಯಲ್ಲಿರುವ ಸಂಸ್ಥೆಗಳಿಗೆ ಮಾತ್ರ. ಫೋನ್ ಮಾಡುವ ಕಾಲೇಜು ಆ ಪಟ್ಟಿಯಲ್ಲಿದೆಯೇ ಎಂದು ಮೊದಲು ಕೇಳಿ.

ಇನ್ನೊಂದು ದಾರಿ ಮನೆಯ ಹತ್ತಿರವೇ ಇದೆ. ವಿದ್ಯಾನಗರದ ಸರಕಾರಿ ಕಾಲೇಜಿನಲ್ಲಿ ಸಾದಾ ಗಣಿತ ಪದವಿ. ಖರ್ಚಿನ ಬಹುಪಾಲು ಬಸ್ಸಿನದ್ದೇ. ಅಲ್ಲಿಂದ ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಹೋಗಬಹುದು. ಅಥವಾ ನಿಮ್‌ಸೆಟ್ ಬರೆದು ಸುರತ್ಕಲ್ ಎನ್‌ಐಟಿಯಲ್ಲಿ ಎಂಸಿಎ ಮಾಡಬಹುದು. ಸಂಶೋಧನೆಯತ್ತ ಒಲವಿದ್ದರೆ ಜೆಆರ್‌ಎಫ್ ಮೊತ್ತ 2023ರಿಂದ ತಿಂಗಳಿಗೆ 37,000 ರೂ. ತೀರಾ ಜಾಣ ಮಕ್ಕಳಾದರೆ ಬೆಂಗಳೂರಿನ ಐಎಸ್‌ಐ ಪ್ರವೇಶ ಪರೀಕ್ಷೆಗೂ ಕೂರಿಸಿ. ವಿದ್ಯಾರ್ಥಿವೇತನ ಕೊಟ್ಟು ಗಣಿತ ಕಲಿಸುವ ಪರಂಪರೆ ಅಲ್ಲಿಯದು. ಹೆತ್ತವರು ಈ ಪರೀಕ್ಷೆಗಳ ಹೆಸರನ್ನೇ ಕೇಳಿರುವುದಿಲ್ಲ, ಏಕೆಂದರೆ ಅವುಗಳಿಗಾಗಿ ಯಾರೂ ಫೋನ್ ಮಾಡುವುದಿಲ್ಲ.

ಕನ್ನಡ ಮಾಧ್ಯಮದ ಮಕ್ಕಳು ಗಮನಿಸಬೇಕಾದ ಸಂಗತಿ ಬೇರೆಯೇ ಒಂದಿದೆ. ನಮ್ಮ ಜಿಲ್ಲೆಯಲ್ಲಿ ಕನ್ನಡ ಮಾಧ್ಯಮ ಹೈಸ್ಕೂಲ್ ಗಣಿತ ಅಧ್ಯಾಪಕ ಹುದ್ದೆಗೆ ಪಿಎಸ್‌ಸಿ ಪ್ರತ್ಯೇಕವಾಗಿ ಅರ್ಜಿ ಕರೆಯುತ್ತದೆ. 2021ರ ವೇತನ ಪರಿಷ್ಕರಣೆಯಲ್ಲಿ ಇದರ ಆರಂಭಿಕ ಮೂಲ ವೇತನ 41,300 ರೂ. ಸ್ಪರ್ಧಿಗಳೂ ಕಡಿಮೆ, ಕನ್ನಡದಲ್ಲಿ ಗಣಿತ ಕಲಿಸಬಲ್ಲವರು ಇನ್ನೆಲ್ಲಿಂದ ಬಂದಾರು? ಆದರೆ ಅದಕ್ಕೆ ಬಿ.ಎಡ್. ಮತ್ತು ಕೆ-ಟೆಟ್ ಜತೆಗೆ ಗಣಿತ ಪದವಿಯೇ ಬೇಕು. ಹೊರ ರಾಜ್ಯದ, ಹೊಸ ಹೆಸರಿನ ಪದವಿಯಾದರೆ ಅದು ಗಣಿತಕ್ಕೆ ಸಮಾನವೆಂಬ ಪತ್ರ ತರಬೇಕಾಗುತ್ತದೆ. ಆ ಪತ್ರ ಸಿಗುತ್ತದೆಯೇ ಎಂಬುದನ್ನು ಶುಲ್ಕ ಕಟ್ಟುವ ಮೊದಲೇ ಕಣ್ಣೂರು ವಿಶ್ವವಿದ್ಯಾಲಯದಲ್ಲಿ ವಿಚಾರಿಸಿ.